ಕದ ಮುಚ್ಚಿಕೊಂಡ ವಿಮೆ, ಒಳಗೇ ಉಳಿದ ವೃದ್ಧರು

2021ರ ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ ಹ್ಯೂಸ್ಟನ್ ನಗರದ ನಮ್ಮ ಮನೆಯ ಅಂಚೆಪೆಟ್ಟಿಗೆಗೆ ಬಂದು ಬಿದ್ದ ಪತ್ರ ಬಹಳ ವಿನಯದಿಂದ ಕೂಡಿತ್ತು. ನಮಗೆ ಏಳು ವರ್ಷಗಳಿಂದ ಮೆಡಿಕೇರ್ ಪೂರಕ ವಿಮೆ ನೀಡುತ್ತಿದ್ದ ಕಂಪನಿ ಟೆಕ್ಸಾಸ್ ರಾಜ್ಯದಲ್ಲಿ ಇನ್ನು ಮುಂದೆ ಅಂಥ ಹೊಸ ಪಾಲಿಸಿಗಳನ್ನು ಮಾರುವುದಿಲ್ಲ. ಆದರೆ ಈಗಾಗಲೇ ಪಾಲಿಸಿ ಪಡೆದಿರುವ ನಮಗೆ ಯಾವ ಬಾಧಕವೂ ಇಲ್ಲ, ಆದ್ದರಿಂದ ನಾವು ಏನನ್ನೂ ಮಾಡಬೇಕಾಗಿಲ್ಲ ಎಂಬುದು ಅದರ ಸಾರಾಂಶ. ನನ್ನ ಪತಿ ಅದನ್ನು ಎರಡು ಸಲ ಓದಿ, ಕಡತದಲ್ಲಿ ಸೇರಿಸಿ, ಕಾಫಿಗೆ ಕುಳಿತರು. ನಾನೂ ನಿಶ್ಚಿಂತಳಾದೆ. ‘ಏನನ್ನೂ ಮಾಡಬೇಕಾಗಿಲ್ಲ’ ಎಂಬ ಆ ಮಾತಿನ ನಿಜವಾದ ಅರ್ಥ ‘ಏನನ್ನೂ ಮಾಡುವಂತಿಲ್ಲ’ ಎಂದು ತಿಳಿಯಲು ನಮಗೆ ಮೂರು ವರ್ಷ ಹಿಡಿಯಿತು.

ಅಮೆರಿಕದ ವಿಮೆಯ ಕಥೆ ಕನ್ನಡದ ಓದುಗರಿಗೇಕೆ ಎಂದು ಯಾರಾದರೂ ಕೇಳಬಹುದು. ಎಪ್ಪತ್ತರ ದಶಕದಲ್ಲಿ ಮೈಸೂರು, ಬೆಂಗಳೂರು, ಸುರತ್ಕಲ್‌ಗಳಿಂದ ಇಲ್ಲಿಗೆ ಬಂದ ನಮ್ಮ ತಲೆಮಾರು ಈಗ ಎಪ್ಪತ್ತು ದಾಟಿದೆ. ನಮ್ಮ ನಂತರ ಬಂದವರು ತಮ್ಮ ತಂದೆತಾಯಿಗಳನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡು, ಅವರಿಗೆ ಯಾವ ವಿಮೆ ಕೊಳ್ಳಬೇಕೆಂದು ತಲೆ ಕೆಡಿಸಿಕೊಂಡಿದ್ದಾರೆ. ಬೆಂಗಳೂರಿನ ಮಧ್ಯಮ ವರ್ಗದಲ್ಲಿ ಇಂಥ ಒಬ್ಬ ಬಂಧುವಾದರೂ ಇಲ್ಲದ ಮನೆಗಳು ವಿರಳ. ಆದ್ದರಿಂದ ಇದು ಅಷ್ಟೇನೂ ದೂರದ ಸಂಗತಿಯಲ್ಲ.

ಮೊದಲು ಮೆಡಿಕೇರ್ ಎಂದರೇನು ಎಂಬುದನ್ನು ಹೇಳಬೇಕು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ವೃದ್ಧರಾಗಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸಮ್ಮುಖದಲ್ಲಿ ಸಹಿ ಹಾಕಿದ ಕಾನೂನು ಇದರ ಮೂಲ. 65 ವರ್ಷ ತುಂಬಿದವರಿಗೆ ಸರ್ಕಾರವೇ ನೀಡುವ ಆರೋಗ್ಯ ವಿಮೆ ಇದು. ಇದರ ‘ಎ’ ಭಾಗ ಆಸ್ಪತ್ರೆಯ ವೆಚ್ಚವನ್ನು, ‘ಬಿ’ ಭಾಗ ವೈದ್ಯರ ಶುಲ್ಕ, ಪರೀಕ್ಷೆ, ಹೊರರೋಗಿ ಚಿಕಿತ್ಸೆಗಳನ್ನು ನೋಡಿಕೊಳ್ಳುತ್ತವೆ. ದುಡಿಯುವ ಕಾಲದಲ್ಲಿ ಕನಿಷ್ಠ ಹತ್ತು ವರ್ಷ ತೆರಿಗೆ ಕಟ್ಟಿದವರಿಗೆ ‘ಎ’ ಭಾಗಕ್ಕೆ ಕಂತಿಲ್ಲ. ‘ಬಿ’ ಭಾಗಕ್ಕೆ 2026ರಲ್ಲಿ ಸಾಮಾನ್ಯ ಕಂತು ತಿಂಗಳಿಗೆ 202.90 ಡಾಲರ್.

ಆದರೆ ಈ ಸೌಧದಲ್ಲಿ ಆರಂಭದಿಂದಲೂ ಒಂದು ಬಿರುಕಿದೆ. ‘ಬಿ’ ಭಾಗ ಕೊಡುವುದು ಒಪ್ಪಿತ ವೆಚ್ಚದ ಶೇ 80ನ್ನು ಮಾತ್ರ. ಉಳಿದ ಶೇ 20ನ್ನು ರೋಗಿಯೇ ತೆರಬೇಕು. ಮಧ್ಯಮ ವರ್ಗದವನ ಎದೆ ನಡುಗಿಸುವ ಅಂಶವೆಂದರೆ, ಆ ಶೇ 20ಕ್ಕೆ ಮೇಲ್ಮಿತಿಯೇ ಇಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಒಂದು ಲಕ್ಷ ಡಾಲರ್ ಆದರೆ 20 ಸಾವಿರ ನಮ್ಮ ಪಾಲು. ಮೂರು ಲಕ್ಷವಾದರೆ 60 ಸಾವಿರ. ಇದಲ್ಲದೆ ಆಸ್ಪತ್ರೆಗೆ ದಾಖಲಾದಾಗ ಮೊದಲು ನಾವೇ ತೆರಬೇಕಾದ ಮೊತ್ತ 2026ರಲ್ಲಿ 1,736 ಡಾಲರ್.

ಈ ಬಿರುಕನ್ನು ಮುಚ್ಚುವ ಯತ್ನ ಒಮ್ಮೆ ನಡೆದಿತ್ತು. ಅಧ್ಯಕ್ಷ ರೇಗನ್ 1988ರ ಜುಲೈನಲ್ಲಿ ಸಹಿ ಹಾಕಿದ ಕಾನೂನು ವೃದ್ಧರು ಕೈಯಿಂದ ತೆರುವ ಹಣಕ್ಕೆ ಮಿತಿ ವಿಧಿಸಿತು. ಆದರೆ ಅದರ ಪೂರ್ತಿ ವೆಚ್ಚವನ್ನು ವೃದ್ಧರಿಂದಲೇ, ಅದರಲ್ಲೂ ಅನುಕೂಲಸ್ಥ ವೃದ್ಧರಿಂದ ಹೆಚ್ಚಾಗಿ, ವಸೂಲು ಮಾಡುವ ವ್ಯವಸ್ಥೆ ಅದರಲ್ಲಿತ್ತು. ಸಿಟ್ಟಿಗೆದ್ದ ಹಿರಿಯರು 1989ರ ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಸಂಸದ ಡ್ಯಾನ್ ರೋಸ್ಟೆನ್‌ಕೋವ್‌ಸ್ಕಿ ಅವರ ಕಾರನ್ನೇ ಅಡ್ಡಗಟ್ಟಿದರು. ಟಿ.ವಿ.ಯಲ್ಲಿ ಆ ದೃಶ್ಯ ನೋಡಿ ನಾನು ನಕ್ಕಿದ್ದೆ. ಆಗ ನನಗೆ ನಲವತ್ತು. ವರ್ಷ ಮುಗಿಯುವುದರೊಳಗೆ ಸಂಸತ್ತು ಆ ಕಾನೂನನ್ನು ರದ್ದುಪಡಿಸಿತು. ಬಿರುಕು ಹಾಗೆಯೇ ಉಳಿಯಿತು. ಅದನ್ನು ತುಂಬುವ ಕೆಲಸ ಖಾಸಗಿ ಕಂಪನಿಗಳ ಪಾಲಿಗೆ ಬಂತು. ಅಂದು ಕಾರಿನ ಮುಂದೆ ನಿಂತಿದ್ದ ಆ ಅಜ್ಜಿಯರನ್ನು ಈಗ ನೆನೆದರೆ ನಗು ಬರುವುದಿಲ್ಲ.

ಈ ಖಾಸಗಿ ಪೂರಕ ವಿಮೆಯನ್ನೇ ಜನ ಮೆಡಿಗ್ಯಾಪ್ ಎನ್ನುತ್ತಾರೆ. ಒಂದು ಕಾಲದಲ್ಲಿ ಈ ಪೇಟೆ ಸಂತೆಯಂತಿತ್ತು. ಒಂದೇ ಅಜ್ಜಿಗೆ ನಾಲ್ಕಾರು ಪಾಲಿಸಿ ಮಾರಿದ ಏಜೆಂಟರ ಕಥೆಗಳು ಸಂಸತ್ತಿನ ವಿಚಾರಣೆಗಳಲ್ಲಿ ಹೊರಬಂದವು. 1990ರ ಕಾನೂನು ಅದಕ್ಕೊಂದು ಶಿಸ್ತು ತಂದಿತು. ಇಂತಿಂಥ ಅಕ್ಷರದ ಯೋಜನೆಯಲ್ಲಿ ಇಂತಿಂಥ ಸೌಲಭ್ಯವೇ ಇರಬೇಕು, ಯಾವ ಕಂಪನಿ ಮಾರಿದರೂ ‘ಎಫ್’ ಎಂದರೆ ಎಫ್, ‘ಜಿ’ ಎಂದರೆ ಜಿ ಎಂದು ಅದು ನಿಗದಿ ಮಾಡಿತು. ಕಂತು ಕಟ್ಟುತ್ತಿರುವವರೆಗೆ ಪಾಲಿಸಿಯನ್ನು ಕಂಪನಿ ರದ್ದುಪಡಿಸುವಂತಿಲ್ಲ ಎಂದೂ ಹೇಳಿತು. ಎಲ್ಲಕ್ಕಿಂತ ಮುಖ್ಯವಾಗಿ, 65 ತುಂಬಿ ‘ಬಿ’ ಭಾಗಕ್ಕೆ ಸೇರಿದ ದಿನದಿಂದ ಆರು ತಿಂಗಳು ಯಾವ ಕಂಪನಿಯೂ ನಮ್ಮ ಕಾಯಿಲೆಗಳನ್ನು ಕಾರಣವಾಗಿ ಮುಂದೊಡ್ಡಿ ಪಾಲಿಸಿ ನಿರಾಕರಿಸುವಂತಿಲ್ಲ ಎಂಬ ಅಭಯ ನೀಡಿತು.

ಆರು ತಿಂಗಳು! ಬದುಕಿನಲ್ಲಿ ಒಂದೇ ಬಾರಿ. ಅದು ಕಳೆದ ಮೇಲೆ ಬಹುತೇಕ ರಾಜ್ಯಗಳಲ್ಲಿ ಕಂಪನಿ ನಮ್ಮ ಆರೋಗ್ಯದ ಪೂರ್ವಾಪರ ವಿಚಾರಿಸಿ, ಬೇಕಾದರೆ ಒಪ್ಪಬಹುದು, ಬೇಡವಾದರೆ ಬಾಗಿಲು ಹಾಕಬಹುದು. ವರ್ಷದ ಯಾವ ಕಾಲದಲ್ಲಾದರೂ, ಅಥವಾ ವರ್ಷಕ್ಕೊಮ್ಮೆಯಾದರೂ, ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ನಿಯಮವಿರುವುದು ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಈ ನಾಲ್ಕು ರಾಜ್ಯಗಳಲ್ಲಿ. ಕ್ಯಾಲಿಫೋರ್ನಿಯ, ಆರೆಗನ್ ಮುಂತಾದೆಡೆ ಪಾಲಿಸಿದಾರರು ತಮ್ಮ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಆರೋಗ್ಯದ ಪ್ರಶ್ನೆಗಳಿಲ್ಲದೆ, ಸಮಾನ ಅಥವಾ ಕಡಿಮೆ ಸೌಲಭ್ಯದ ಬೇರೆ ಪಾಲಿಸಿಗೆ ಬದಲಾಗಬಹುದು. ನಮ್ಮ ಟೆಕ್ಸಾಸ್‌ನಲ್ಲಿ ಅಂಥ ಹುಟ್ಟುಹಬ್ಬದ ಉಡುಗೊರೆಯೂ ಇಲ್ಲ.

ನನ್ನ ಪತಿ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು 2014ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ ನಿವೃತ್ತರಾದರು. ನನಗೆ ಅದೇ ವರ್ಷ 65 ತುಂಬಿತು. ಇಬ್ಬರೂ ಒಟ್ಟಿಗೇ ‘ಬಿ’ ಭಾಗಕ್ಕೆ ಸೇರಿ, ಒಂದೇ ಕಂಪನಿಯಿಂದ ‘ಎಫ್’ ಯೋಜನೆ ಕೊಂಡೆವು. ಅವರಿಗೆ ತಿಂಗಳಿಗೆ 162 ಡಾಲರ್, ನನಗೆ 148. ಮೆಡಿಕೇರ್ ಬಿಟ್ಟ ಬಾಕಿಯನ್ನೆಲ್ಲ ಎಫ್ ತುಂಬುತ್ತದೆ. 2017ರಲ್ಲಿ ಅವರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದಾಗ ನಮ್ಮ ಕೈಯಿಂದ ಒಂದು ಡಾಲರೂ ಹೋಗಲಿಲ್ಲ. ಕೊಂಡದ್ದು ಸಾರ್ಥಕವಾಯಿತೆಂದು ನಾವು ಬೀಗಿದ್ದೂ ನಿಜ.

ಆ ವಿನಯದ ಪತ್ರ ಬಂದ 2021ರಲ್ಲಿ ಅವರ ಕಂತು 228 ಡಾಲರ್ ಆಗಿತ್ತು, ನನ್ನದು 206. 2024ರ ಶರತ್ಕಾಲದಲ್ಲಿ ಅವರದು 352, ನನ್ನದು 314. ನಾನು ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು; ಅಂಕಿಗಳನ್ನು ಸಾಲಾಗಿ ಬರೆಯದೆ ನನಗೆ ಸಮಾಧಾನವಿಲ್ಲ. ಪತ್ರ ಬರುವ ಮುನ್ನ ಏಳು ವರ್ಷಗಳಲ್ಲಿ ಅವರ ಕಂತು ಏರಿದ್ದು ತಿಂಗಳಿಗೆ 66 ಡಾಲರ್. ಪತ್ರ ಬಂದ ನಂತರದ ಮೂರೇ ವರ್ಷಗಳಲ್ಲಿ ಏರಿದ್ದು 124 ಡಾಲರ್. ಇಬ್ಬರಿಗೂ ಸೇರಿ ವರ್ಷಕ್ಕೆ 8,000 ಡಾಲರ್ ಹತ್ತಿರಹತ್ತಿರ. ವಯಸ್ಸಾದಂತೆ ಕಂತು ಏರುವುದು ನಮ್ಮಂಥ ಪಾಲಿಸಿಗಳ ಸ್ವಭಾವವೇ ಹೌದು. ವೈದ್ಯಕೀಯ ವೆಚ್ಚ ಏರಿದ್ದೂ ಸುಳ್ಳಲ್ಲ. ಆದರೆ ಈ ಹಠಾತ್ ಜಿಗಿತಕ್ಕೆ ಅವೆರಡೇ ಕಾರಣವಾಗಿರಲಿಲ್ಲ.

ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯೊಂದಕ್ಕೆ ನೀರು ತರುವ ರಾಜಕಾಲುವೆಯನ್ನು ಮುಚ್ಚಿದರೆ ಏನಾಗುತ್ತದೆ? ಕೆರೆ ಅಂದೇ ಬತ್ತುವುದಿಲ್ಲ. ಮೊದಲ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಬಳಿಕ ಪ್ರತಿ ಬೇಸಿಗೆಗೂ ದಂಡೆ ಒಳಸರಿಯುತ್ತ, ಉಳಿದ ನೀರು ರಾಡಿಯಾಗುತ್ತ ಹೋಗುತ್ತದೆ. ವಿಮೆಯ ಪೇಟೆಯಲ್ಲಿ ಆ ಕಾಲುವೆಯೆಂದರೆ ಪ್ರತಿ ವರ್ಷ ಹೊಸದಾಗಿ ಸೇರುವ 65ರ ಹರೆಯದವರು. ಅವರು ಕಂತು ಕಟ್ಟುತ್ತಾರೆ, ಆಸ್ಪತ್ರೆಗೆ ಹೋಗುವುದು ಕಡಿಮೆ. ಅವರ ಹಣದಲ್ಲಿ 80ರ ಹೃದ್ರೋಗಿಯ ಬಿಲ್ಲು ತೀರುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವುದು ನಿಂತ ದಿನ ಆ ಗುಂಪಿಗೆ ಸರಾಸರಿ ವಯಸ್ಸು ಏರುವುದೊಂದೇ ದಾರಿ. ವೆಚ್ಚ ಏರುತ್ತದೆ, ಕಂತು ಏರುತ್ತದೆ. ಕಂತು ಏರಿದಾಗ ಗಟ್ಟಿಮುಟ್ಟಾಗಿರುವವರು ಬೇರೆ ಕಂಪನಿಯ ಆರೋಗ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೊರಟುಹೋಗುತ್ತಾರೆ. ಉಳಿದವರು ಇನ್ನಷ್ಟು ರೋಗಿಗಳು. ಅವರ ಕಂತು ಇನ್ನಷ್ಟು. ಈ ಸುಳಿ ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ನಮ್ಮ ‘ಎಫ್’ ಯೋಜನೆಗಂತೂ ಇದು ಇಮ್ಮಡಿ ಪೆಟ್ಟು. 2015ರ ಕಾನೂನೊಂದರ ಪ್ರಕಾರ, 2020ರ ಜನವರಿ 1ರಿಂದ ಈಚೆಗೆ ಮೆಡಿಕೇರ್‌ಗೆ ಹೊಸದಾಗಿ ಅರ್ಹರಾದವರಿಗೆ ಯಾವ ಕಂಪನಿಯೂ ಎಫ್ ಮಾರುವಂತಿಲ್ಲ. ಅಂದರೆ ದೇಶದಾದ್ಯಂತ ಎಫ್‌ನ ಕಾಲುವೆಯನ್ನು ಸರ್ಕಾರವೇ ಮುಚ್ಚಿತು. ನಮ್ಮ ಕಂಪನಿಯ ಪಾಲಿನ ಕೆರೆಗೆ ಬರುತ್ತಿದ್ದ ಉಳಿದ ತೊರೆಯನ್ನು ಕಂಪನಿಯೇ ಮುಚ್ಚಿತು.

ಕಂಪನಿಗಳೇಕೆ ಹೊರಡುತ್ತವೆ? ಲಾಭ ಇಳಿದಾಗ, ಒಂದು ರಾಜ್ಯದಲ್ಲಿ ಪಾಲಿಸಿದಾರರ ಸಂಖ್ಯೆ ತೀರ ಸಣ್ಣದಾದಾಗ, ಕೇಳಿದಷ್ಟು ದರ ಏರಿಸಲು ರಾಜ್ಯದ ವಿಮಾ ಇಲಾಖೆ ಒಪ್ಪದಿದ್ದಾಗ ವ್ಯಾಪಾರಿ ಅಂಗಡಿ ಮುಚ್ಚುವುದು ಸಹಜ. ಕಂತಿನ ಹಣದಲ್ಲಿ ಕನಿಷ್ಠ ಶೇ 65 ಭಾಗವನ್ನು ಚಿಕಿತ್ಸೆಗೇ ವ್ಯಯಿಸಬೇಕೆಂಬ ನಿಯಮವೂ ವೈಯಕ್ತಿಕ ಪಾಲಿಸಿಗಳ ಮೇಲಿದೆ. ಆದರೆ ಇದರಲ್ಲೊಂದು ಕೈಚಳಕವೂ ಉಂಟು. 65ರವರನ್ನು ಸೆಳೆಯಲು ಅಗ್ಗದ ದರದಲ್ಲಿ ಪಾಲಿಸಿ ಮಾರಿ, ಗುಂಪಿಗೆ ವಯಸ್ಸಾದ ಮೇಲೆ ಅದನ್ನು ಮುಚ್ಚಿ, ಅದೇ ಒಡೆತನದ ಸೋದರ ಸಂಸ್ಥೆಯ ಹೆಸರಿನಲ್ಲಿ ಹೊಸ ಅಗ್ಗದ ಪಾಲಿಸಿ ತೆರೆಯುವುದು ಈ ಉದ್ಯಮದಲ್ಲಿ ಹೊಸದೇನಲ್ಲ. ಒಂದು ಯೋಜನೆಯ ಮಾರಾಟ ನಿಲ್ಲಿಸಿದ ಕಂಪನಿ ಐದು ವರ್ಷ ಅದೇ ಬಗೆಯ ಹೊಸ ಪಾಲಿಸಿ ತರುವಂತಿಲ್ಲವೆಂಬ ನಿಯಮವೇನೋ ಇದೆ. ಅದು ಕಂಪನಿಗೆ ಅನ್ವಯಿಸುತ್ತದೆ. ಅದರ ತಮ್ಮನಿಗೆ, ತಂಗಿಗೆ ಅನ್ವಯಿಸುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಬೇರೊಂದು ಕಂಪನಿಗೆ ‘ಜಿ’ ಯೋಜನೆಗಾಗಿ ಅರ್ಜಿ ಹಾಕಿದೆವು. ‘ಬಿ’ ಭಾಗದಲ್ಲಿ ವರ್ಷದ ಮೊದಲು ರೋಗಿಯೇ ತೆರಬೇಕಾದ ಸಣ್ಣ ಮೊತ್ತವೊಂದನ್ನು (2026ರಲ್ಲಿ ಅದು 283 ಡಾಲರ್) ಬಿಟ್ಟರೆ ಜಿ ಮತ್ತು ಎಫ್ ನಡುವೆ ವ್ಯತ್ಯಾಸವಿಲ್ಲ. ಅರ್ಜಿಯ ತುಂಬ ಪ್ರಶ್ನೆಗಳು. ಎರಡು ವರ್ಷಗಳಲ್ಲಿ ಹೃದಯದ ಚಿಕಿತ್ಸೆ ಆಗಿದೆಯೆ? ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೀರಾ? ನನ್ನ ಪತಿಗೆ 2022ರಿಂದ ಇನ್ಸುಲಿನ್, 2023ರಲ್ಲಿ ಮತ್ತೊಂದು ಸ್ಟೆಂಟ್. ಉತ್ತರ ಬರೆಯುವಾಗಲೇ ಫಲಿತಾಂಶ ನಮಗೆ ಗೊತ್ತಿತ್ತು. ಎರಡು ವಾರದಲ್ಲಿ ಎರಡು ಲಕೋಟೆ ಬಂದವು. ನನ್ನ ಅರ್ಜಿ ಅಂಗೀಕೃತ, ತಿಂಗಳಿಗೆ 189 ಡಾಲರ್. ಅವರ ಅರ್ಜಿ ತಿರಸ್ಕೃತ.

ನನ್ನ ಲಕೋಟೆಯನ್ನು ನಾನು ಒಂದು ವಾರ ಮೇಜಿನ ಮೇಲೆಯೇ ಇಟ್ಟಿದ್ದೆ. ಒಪ್ಪಿದರೆ ವರ್ಷಕ್ಕೆ 1,500 ಡಾಲರ್ ಉಳಿತಾಯ. ಆದರೆ ಕೆರೆಯ ಲೆಕ್ಕ ನನಗೀಗ ತಿಳಿದಿತ್ತಲ್ಲ? ಆ ಹಳೆಯ ಗುಂಪಿನಲ್ಲಿ ಉಳಿದಿರುವ ಕೆಲವೇ ಆರೋಗ್ಯವಂತರಲ್ಲಿ ನಾನೂ ಒಬ್ಬಳು. ನಾನು ಕಟ್ಟುವ 314 ಡಾಲರ್‌ನಲ್ಲಿ ಒಂದಂಶ ನನ್ನ ಪತಿಯಂಥವರ ಬಿಲ್ಲಿಗೆ ಹೋಗುತ್ತಿತ್ತು. ನಾನು ಹೊರಬಿದ್ದರೆ ಆ ಹೊರೆ ಎಳ್ಳಷ್ಟಾದರೂ ಉಳಿದವರ ಮೇಲೆ, ಅಂದರೆ ನನ್ನದೇ ಮನೆಯ ಯಜಮಾನರ ಮೇಲೆ, ಬೀಳುತ್ತದೆ. ಐವತ್ತು ವರ್ಷ ಸಂಸಾರ ಮಾಡಿದವರನ್ನು ವಿಮೆಯ ಲೆಕ್ಕ ಎದುರುಬದುರು ನಿಲ್ಲಿಸಿತ್ತು. ಅವರೇ ನಕ್ಕು, ‘ನೀನು ಹೋಗು. ನಿನ್ನ ಉಳಿತಾಯದಲ್ಲಿ ನನ್ನ ಕಂತು ಕಟ್ಟಿದರಾಯಿತು’ ಎಂದರು. ನಾನು ಹೋದೆ. ಹೋಗದಿದ್ದರೆ ಮೂರ್ಖಳಾಗುತ್ತಿದ್ದೆ ಎಂಬುದು ನಿಜ. ನನ್ನ ಹಾಗೆ ಯೋಚಿಸಿದ ಸಾವಿರಾರು ಮಂದಿಯ ವಿವೇಕವೇ ಸೇರಿ ಉಳಿದವರ ಕಂತನ್ನು ಏರಿಸುತ್ತದೆ ಎಂಬುದೂ ಅಷ್ಟೇ ನಿಜ. ಇಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ಪ್ರತಿಯೊಬ್ಬರೂ ತಮಗೆ ಸರಿಕಂಡದ್ದನ್ನು ಮಾಡಿದರೆ ಸಾಕು, ತೀರ ದುರ್ಬಲನಾದವನು ಕೊನೆಯಲ್ಲಿ ಒಂಟಿಯಾಗುತ್ತಾನೆ.

ಅಷ್ಟರಲ್ಲಿ ಏಜೆಂಟನೊಬ್ಬ ದೂರವಾಣಿ ಮಾಡಿ, ‘ಸರ್, ನಿಮಗೇಕೆ ಈ ಕಷ್ಟ? ಅಡ್ವಾಂಟೇಜ್ ಯೋಜನೆಗೆ ಬನ್ನಿ, ಕಂತು ಸೊನ್ನೆ, ಹಲ್ಲಿನ ಚಿಕಿತ್ಸೆ ಇದೆ, ಜಿಮ್ ಕೂಡ ಉಚಿತ’ ಎಂದ. ಮೆಡಿಕೇರ್ ಅಡ್ವಾಂಟೇಜ್ ಎಂದರೆ ಸರ್ಕಾರದ ಹಣ ಪಡೆದು ಖಾಸಗಿ ಕಂಪನಿಯೇ ಇಡೀ ಮೆಡಿಕೇರನ್ನು ನಡೆಸಿಕೊಡುವ ವ್ಯವಸ್ಥೆ. 2023ರಿಂದ ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರಲ್ಲಿದ್ದಾರೆ. ವರ್ಷದ ಖರ್ಚಿಗೆ ಮೇಲ್ಮಿತಿ ಇರುವುದು ಅದರ ಗುಣ. ಕಂಪನಿಯ ಪಟ್ಟಿಯಲ್ಲಿರುವ ವೈದ್ಯರನ್ನೇ ಕಾಣಬೇಕು, ಅನೇಕ ಚಿಕಿತ್ಸೆಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದು ಅದರ ದೋಷ. ಇಪ್ಪತ್ತು ವರ್ಷದಿಂದ ನನ್ನ ಪತಿಯ ನಾಡಿ ಬಲ್ಲ ಹೃದ್ರೋಗ ತಜ್ಞರು ಆ ಪಟ್ಟಿಯಲ್ಲಿರಲಿಲ್ಲ.

ಆ ಯೋಜನೆಗಳೂ ಶಾಶ್ವತವೇನಲ್ಲ. ಅವುಗಳ ಪೂರ್ವಜರಾದ ‘ಮೆಡಿಕೇರ್ ಪ್ಲಸ್ ಚಾಯ್ಸ್’ ಯೋಜನೆಗಳಿಂದ 1999 ಮತ್ತು 2003ರ ನಡುವೆ ಕಂಪನಿಗಳು ಸಾಲುಸಾಲಾಗಿ ಹೊರನಡೆದಾಗ 20 ಲಕ್ಷಕ್ಕೂ ಹೆಚ್ಚು ವೃದ್ಧರು ಬೇರೆ ಆಸರೆ ಹುಡುಕಬೇಕಾಯಿತು. 2025 ಹಾಗೂ 2026ನೇ ಸಾಲಿಗೂ ದೊಡ್ಡ ಕಂಪನಿಗಳು ಅನೇಕ ಕೌಂಟಿಗಳಿಂದ ತಮ್ಮ ಯೋಜನೆಗಳನ್ನು ಹಿಂತೆಗೆದುಕೊಂಡಿವೆ.

ಇಲ್ಲೇ ಕಾನೂನಿನ ವಿಚಿತ್ರವೊಂದು ಕಾಣುತ್ತದೆ. ಅಡ್ವಾಂಟೇಜ್ ಕಂಪನಿ ಊರು ಬಿಟ್ಟರೆ ಅದರ ಸದಸ್ಯನಿಗೆ 63 ದಿನಗಳ ಒಂದು ವಿಶೇಷ ಹಕ್ಕು ಸಿಗುತ್ತದೆ: ಆರೋಗ್ಯದ ಪ್ರಶ್ನೆಗಳಿಲ್ಲದೆ ನಿರ್ದಿಷ್ಟ ಮೆಡಿಗ್ಯಾಪ್ ಪಾಲಿಸಿಗಳನ್ನು ಯಾವ ಕಂಪನಿಯಿಂದಲಾದರೂ ಕೊಳ್ಳಬಹುದು. ಮೆಡಿಗ್ಯಾಪ್ ಕಂಪನಿ ದಿವಾಳಿಯೆದ್ದು ಪಾಲಿಸಿ ಕೊನೆಗೊಂಡರೂ ಆ ಹಕ್ಕುಂಟು. ಆದರೆ ಮೆಡಿಗ್ಯಾಪ್ ಕಂಪನಿ ಮುಳುಗದೆ, ಬರಿದೆ ಕದ ಮುಚ್ಚಿಕೊಂಡು ಹೊಸಬರನ್ನು ನಿಲ್ಲಿಸಿದರೆ? ಆಗ ನಮಗೆ ಯಾವ ಹಕ್ಕೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ನಾವೇನನ್ನೂ ಕಳೆದುಕೊಂಡಿಲ್ಲವಲ್ಲ! ಪಾಲಿಸಿ ನವೀಕರಣಗೊಳ್ಳುತ್ತಲೇ ಇದೆ. ಕಾನೂನು ಕಾಗದಕ್ಕೆ ಖಾತರಿ ಕೊಟ್ಟಿದೆ. ಅದರ ಬೆಲೆಗೆ ಕೊಟ್ಟಿಲ್ಲ. ಮನೆ ಕುಸಿದು ಬಿದ್ದರೆ ಪರಿಹಾರ, ಗೋಡೆ ದಿನಕ್ಕಿಷ್ಟು ವಾಲುತ್ತಿದ್ದರೆ ಏನೂ ಇಲ್ಲ.

ದಾರಿ ಕಾಣದೆ ನಾವು ಹೈಕ್ಯಾಪ್ ಕಚೇರಿಗೆ ಹೋದೆವು. ಮೆಡಿಕೇರ್ ಬಗ್ಗೆ ವೃದ್ಧರಿಗೆ ಉಚಿತವಾಗಿ ಸಲಹೆ ನೀಡುವ ಕೇಂದ್ರಗಳು ಪ್ರತಿ ರಾಜ್ಯದಲ್ಲೂ ಇವೆ. 1990ರ ಅದೇ ಕಾನೂನು ಅವುಗಳನ್ನೂ ಹುಟ್ಟುಹಾಕಿತು. ಟೆಕ್ಸಾಸ್‌ನಲ್ಲಿ ಅದಕ್ಕೆ ಹೈಕ್ಯಾಪ್ ಎಂದು ಹೆಸರು. ನಮ್ಮನ್ನು ಎದುರುಗೊಂಡ ಸ್ವಯಂಸೇವಕಿ ನನಗಿಂತ ಹಿರಿಯರು. ಎಲ್ಲ ಕೇಳಿಸಿಕೊಂಡು, ‘ನಿಮ್ಮವರು ಎಂದಾದರೂ ಅಡ್ವಾಂಟೇಜ್‌ನಲ್ಲಿದ್ದರೆ?’ ಎಂದರು. ಇಲ್ಲವೆಂದೆವು. ‘ಹಾಗಾದರೆ ಹಿಂದಿನ ಕಿಟಕಿ ಒಂದಿದೆ’ ಎಂದರು.

ಆ ಕಿಟಕಿಯ ಹೆಸರು ಪ್ರಯೋಗದ ಹಕ್ಕು. ಮೆಡಿಗ್ಯಾಪ್ ಬಿಟ್ಟು ಮೊದಲ ಬಾರಿಗೆ ಅಡ್ವಾಂಟೇಜ್ ಸೇರಿದವನು ಹನ್ನೆರಡು ತಿಂಗಳೊಳಗೆ ಮನಸ್ಸು ಬದಲಿಸಿದರೆ ತನ್ನ ಹಳೆಯ ಕಂಪನಿಯ ಹಳೆಯ ಪಾಲಿಸಿಗೆ ಮರಳಬಹುದು. ಆ ಕಂಪನಿ ಅದನ್ನು ಮಾರುವುದನ್ನೇ ನಿಲ್ಲಿಸಿದ್ದರೆ, ಬೇರೆ ಯಾವುದೇ ಕಂಪನಿಯಿಂದ ನಿರ್ದಿಷ್ಟ ಯೋಜನೆಗಳನ್ನು ಆರೋಗ್ಯದ ಪ್ರಶ್ನೆಗಳಿಲ್ಲದೆ ಕೊಳ್ಳಬಹುದು. 2020ಕ್ಕೆ ಮೊದಲೇ ಅರ್ಹರಾಗಿದ್ದ ನನ್ನ ಪತಿಗೆ ಆ ಪಟ್ಟಿಯಲ್ಲಿ ಎಫ್ ಇತ್ತು, ಜಿ ಇರಲಿಲ್ಲ. ಅಂದರೆ, ವಾಲುತ್ತಿರುವ ಮನೆಯಿಂದ ನೇರವಾಗಿ ಪಕ್ಕದ ಮನೆಗೆ ಹೋಗುವಂತಿಲ್ಲ. ಮೊದಲು ಬೀದಿಗೆ ಇಳಿದು, ಕೆಲವು ಕಾಲ ಛತ್ರದಲ್ಲಿದ್ದು, ಆಮೇಲೆ ಪಕ್ಕದ ಮನೆಯ ಕದ ತಟ್ಟಬೇಕು.

78ರ ಹೃದ್ರೋಗಿಗೆ ಇದು ಸಣ್ಣ ಪಣವಲ್ಲ. ಆದರೂ ಅವರು 2025ರ ಜನವರಿ 1ರಂದು ಅಡ್ವಾಂಟೇಜ್ ಸೇರಿದರು. ಆ ಒಂಬತ್ತು ತಿಂಗಳು ನಾನು ನಿದ್ದೆಯಲ್ಲೂ ಅವರ ಉಸಿರನ್ನು ಎಣಿಸಿದೆ. ಏಪ್ರಿಲ್‌ನಲ್ಲಿ ಎದೆ ಬಿಗಿದಂತಾದಾಗ ಪಟ್ಟಿಯಲ್ಲಿದ್ದ ಅಪರಿಚಿತ ವೈದ್ಯರ ಬಳಿ ಹೋದೆವು. ಸ್ಕ್ಯಾನ್‌ಗೆ ಕಂಪನಿಯ ಅನುಮತಿ ಬರಲು ಹನ್ನೊಂದು ದಿನ ಕಾದೆವು. ದೇವರ ದಯೆ, ದೊಡ್ಡದೇನೂ ಇರಲಿಲ್ಲ. ಆ ವರ್ಷ ಮೈಸೂರಿನ ಪ್ರಯಾಣವನ್ನೂ ಕೈಬಿಟ್ಟೆವು. ಅಕ್ಟೋಬರ್ 1ಕ್ಕೆ ಅವರು ಮೂಲ ಮೆಡಿಕೇರ್‌ಗೆ ಮರಳಿ, ಇನ್ನೊಂದು ಕಂಪನಿಯ ಎಫ್ ಪಾಲಿಸಿ ಪಡೆದರು. ತಿಂಗಳಿಗೆ 296 ಡಾಲರ್. ಯಾರೂ ಇನ್ಸುಲಿನ್ ಬಗ್ಗೆ ಕೇಳಲಿಲ್ಲ, ಕೇಳುವಂತಿರಲಿಲ್ಲ.

ನಾವು ಪಾರಾದೆವು. ಆದರೆ ಪಾರಾದದ್ದು ವ್ಯವಸ್ಥೆಯ ಸುಗುಣದಿಂದಲ್ಲ; ಒಬ್ಬ ಸ್ವಯಂಸೇವಕಿಯ ಜ್ಞಾನದಿಂದ, ಮತ್ತು ಆ ಒಂಬತ್ತು ತಿಂಗಳು ಅವರ ಹೃದಯ ಸುಮ್ಮನಿದ್ದುದರಿಂದ. ದೇಶದಲ್ಲಿ ಮೆಡಿಗ್ಯಾಪ್ ಹೊಂದಿರುವವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಂದಿಗೆ ಈ ಕಿಟಕಿ ಗೊತ್ತು? ಹಿಂದೊಮ್ಮೆ ಅಡ್ವಾಂಟೇಜ್ ನೋಡಿ ಬಂದವರಿಗೆ ಅದೂ ತೆರೆಯುವುದಿಲ್ಲ. ನಡುವೆ ಆಸ್ಪತ್ರೆ ಸೇರುವಂತಾದವರು ಆ ದಾರಿ ತುಳಿಯಲು ಧೈರ್ಯ ಮಾಡುವುದಿಲ್ಲ.

ವರ್ಷವಿಡೀ ಕದ ತೆರೆದಿಟ್ಟರೆ ಜನ ಕಾಯಿಲೆ ಬಿದ್ದ ಮೇಲೆಯೇ ವಿಮೆಗೆ ಬರುತ್ತಾರೆ, ಆಗ ಎಲ್ಲರ ಕಂತೂ ಏರುತ್ತದೆ ಎಂದು ಕಂಪನಿಗಳು ವಾದಿಸುತ್ತವೆ. ಅದರಲ್ಲಿ ಹುರುಳಿದೆ, ಎಲ್ಲರನ್ನೂ ಒಳಗೆ ಬಿಡುವ ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಕಂತು ಬೇರೆಡೆಗಿಂತ ದುಬಾರಿಯೇ. ಆದರೆ ನಾನು ಕೇಳುತ್ತಿರುವುದು ಅದಲ್ಲ. ನಾವು ಕಾಯಿಲೆ ಬೀಳುವವರೆಗೆ ಕಾದು ಕುಳಿತವರಲ್ಲ. ಮೊದಲ ದಿನದಿಂದ ಒಂದು ತಿಂಗಳೂ ತಪ್ಪದೆ ಕಂತು ಕಟ್ಟಿದವರು. ಕಂಪನಿ ಒಂದು ರಾಜ್ಯದಲ್ಲಿ ಮಾರಾಟ ನಿಲ್ಲಿಸಿದ ದಿನ, ಅದರ ಪಾಲಿಸಿದಾರರಿಗೆ 63 ದಿನ ಬೇರೆ ಕಂಪನಿಯ ಬಾಗಿಲು ತೆರೆಯಲಿ. ಅಡ್ವಾಂಟೇಜ್‌ನವನಿಗೆ ಸಲ್ಲುವ ನ್ಯಾಯ ಮೆಡಿಗ್ಯಾಪ್‌ನವನಿಗೂ ಸಲ್ಲಲಿ. ಐದು ವರ್ಷದ ನಿಯಮ ಸೋದರ ಸಂಸ್ಥೆಗಳಿಗೂ ಅನ್ವಯಿಸಲಿ. ಮಾರುವವನಿಗೆ ಯಾವ ದಿನ ಬೇಕಾದರೂ ಹೊರಡುವ ಸ್ವಾತಂತ್ರ್ಯ, ಕೊಳ್ಳುವವನಿಗೆ ಬದುಕಿನಲ್ಲಿ ಒಮ್ಮೆ ಮಾತ್ರ ಒಳಬರುವ ಅವಕಾಶ ಎಂದರೆ ಅದನ್ನು ಮುಕ್ತ ಮಾರುಕಟ್ಟೆ ಎನ್ನುವುದು ಹೇಗೆ?

ಈ ಕಥೆಯನ್ನು ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದಾಗ, ‘ಅಕ್ಕ, ಅಷ್ಟು ದೊಡ್ಡ ದೇಶದಲ್ಲೂ ಹೀಗೇನಾ?’ ಎಂದು ಅಚ್ಚರಿಪಟ್ಟ. ಅವನ ಅಚ್ಚರಿಗೆ ಕಾರಣವಿತ್ತು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ತನ್ನೊಡನೆ ಮೊದಲೇ ಸಮಾಲೋಚಿಸಬೇಕು ಎಂದು ಆದೇಶಿಸಿತು. ಹಿರಿಯರ ಪಾಲಿಸಿಗಳನ್ನು ಹಿಂತೆಗೆದುಕೊಳ್ಳುವ ಮುನ್ನವೂ ಹಾಗೆಯೇ. ಅಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಂಪನಿ ಹೊರಡುವುದು ಕೇವಲ ಕಂಪನಿಯ ಖಾಸಗಿ ವಿಚಾರವಲ್ಲ ಎಂಬ ಎಚ್ಚರ ಆ ಆದೇಶದಲ್ಲಿದೆ.

ತಂದೆತಾಯಿಗಳನ್ನು ಇಲ್ಲಿಗೆ ಕರೆಸಿಕೊಂಡಿರುವ ಕಿರಿಯರಿಗೆ ಎರಡು ಮಾತು. 65 ದಾಟಿದ ಗ್ರೀನ್ ಕಾರ್ಡ್‌ದಾರರು ಸತತವಾಗಿ ಐದು ವರ್ಷ ಇಲ್ಲಿ ನೆಲೆಸಿದ ಮೇಲೆ ಮೆಡಿಕೇರ್ ಕೊಳ್ಳಬಹುದು. ಇಲ್ಲಿ ದುಡಿದ ದಾಖಲೆ ಇಲ್ಲದವರಿಗೆ ‘ಎ’ ಭಾಗದ ಕಂತೇ 2026ರಲ್ಲಿ ತಿಂಗಳಿಗೆ 565 ಡಾಲರ್‌ವರೆಗೆ ಆಗುತ್ತದೆ. ಅವರು ‘ಬಿ’ ಭಾಗ ಸೇರಿದ ದಿನದಿಂದಲೇ ಆ ಆರು ತಿಂಗಳ ಗಡಿಯಾರ ನಡೆಯತೊಡಗುತ್ತದೆ. ಸೊನ್ನೆ ಕಂತಿನ ಜಾಹೀರಾತು ನೋಡುತ್ತ ಅದನ್ನು ಕಳೆದುಕೊಳ್ಳಬೇಡಿ. ಪಾಲಿಸಿ ಆರಿಸುವಾಗ ಇಂದಿನ ಅಗ್ಗದ ದರವೊಂದನ್ನೇ ನೋಡದೆ, ಆ ಕಂಪನಿ ಎಷ್ಟು ವರ್ಷದಿಂದ ಆ ಪಾಲಿಸಿ ಮಾರುತ್ತಿದೆ, ಹಿಂದೆ ದರ ಹೇಗೆ ಏರಿಸಿದೆ ಎಂದು ವಿಚಾರಿಸಿ. ಇನ್ನೊಂದು: ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗೆ ನಡೆಯುವುದಿಲ್ಲ. ಎಫ್, ಜಿ, ಎನ್ ಮುಂತಾದ ಯೋಜನೆಗಳು ಊರಿಗೆ ಹೋದ ಮೊದಲ 60 ದಿನಗಳ ತುರ್ತು ಚಿಕಿತ್ಸೆಗೆ, ಮೊದಲ 250 ಡಾಲರ್ ಬಿಟ್ಟು, ಶೇ 80 ಭಾಗ ಕೊಡುತ್ತವೆ. ಜೀವಮಾನದ ಮಿತಿ 50,000 ಡಾಲರ್. ಮಗಳ ಬಾಣಂತನಕ್ಕೋ ಮದುವೆಗೋ ಮೂರು ತಿಂಗಳು ಊರಲ್ಲಿ ಉಳಿಯುವವರು 61ನೇ ದಿನವನ್ನು ನೆನಪಿಟ್ಟುಕೊಳ್ಳಬೇಕು.

ಕಳೆದ ವಾರ ಹಳೆಯ ಕಡತ ತೆಗೆದಾಗ 2021ರ ಆ ಪತ್ರ ಮತ್ತೆ ಸಿಕ್ಕಿತು. ಅದನ್ನು ಬಿಸಾಡಲು ಹೊರಟಿದ್ದ ನನ್ನ ಪತಿಯ ಕೈಯಿಂದ ತೆಗೆದುಕೊಂಡು, ಹೊಸ ಪಾಲಿಸಿಗಳ ಜೊತೆಯಲ್ಲೇ ಇಟ್ಟಿದ್ದೇನೆ. ಅವರ ಹೊಸ ಎಫ್‌ಗೂ 65ರವರು ಯಾರೂ ಬರುತ್ತಿಲ್ಲ. ಇಂಥದೇ ಇನ್ನೊಂದು ವಿನಯದ ಪತ್ರ ಬಂದರೆ ಈ ಸಲ ಮೂರು ವರ್ಷ ಕಾಯುವುದಿಲ್ಲ ಎಂಬುದೊಂದೇ ನಾನು ಕಲಿತ ಪಾಠ. ಆದರೆ ಹಿಂದಿನ ಕಿಟಕಿ ತೆರೆಯುವುದು ಒಮ್ಮೆ ಮಾತ್ರ. ಅದನ್ನು ನಾವು ಬಳಸಿಯಾಗಿದೆ.